ಕೆಂಪಾದ ಮೇಲೆ ಒಂದು ಸುತ್ತು

ನಮ್ಮ ಮನೆಯಲ್ಲಿ ಯಾರನ್ನೂ ಊಟಕ್ಕೆ ಕೂಗುತ್ತಿರಲಿಲ್ಲ. ನಡುಮನೆಯಲ್ಲಿದ್ದ ಆಟದ ರೈಲಿನ ಸಿಗ್ನಲ್ ಹಸಿರಿನಿಂದ ಕೆಂಪಾಗುತ್ತಿತ್ತು. ರೈಲು ತನ್ನ ಸುತ್ತು ಮುಗಿಸಿ ಆ ಸಿಗ್ನಲ್ಲಿನ ಮುಂದೆ ಬಂದು ನಿಲ್ಲುತ್ತಿತ್ತು. ಆಗ ನಾವು ಎದ್ದು ಕೈ ತೊಳೆಯುತ್ತಿದ್ದೆವು. ಬೇರೆಯವರ ಮನೆಯಲ್ಲಿ ಹೀಗಿಲ್ಲ ಎಂದು ನನಗೆ ಗೊತ್ತಾದದ್ದು ಶಾಲೆಯ ಗೆಳತಿಯೊಬ್ಬಳ ಮನೆಗೆ ಹೋದ ದಿನ. ಅವಳ ತಾಯಿ ಒಳಗಿನಿಂದ "ಬರ್ರೇ, ತಟ್ಟೆ ಹಾಕಿದೀನಿ" ಎಂದು ಕೂಗಿದಾಗ ನಾನು ಎದುರಿನ ಗೋಡೆಯ ಮೇಲೆ ದೀಪ ಹುಡುಕಿದೆ.

ಮನೆ ಇದ್ದದ್ದು ಚಿಕ್ಕಬಾಣಾವರದಲ್ಲಿ, ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರ. ಆಗ ಅಲ್ಲಿ ರಾಗಿ ಹೊಲ, ಹೊಲದ ನಡುವೆ ಒಂದೊಂದು ಹೊಸ ಮನೆ. ನಿಜವಾದ ಗೂಡ್ಸ್ ಗಾಡಿ ಹೋಗುವಾಗ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಮುಂದೆ ನಡುಮನೆ, ಪಕ್ಕದಲ್ಲಿ ಮಲಗುವ ಕೋಣೆ, ಹಿಂದೆ ಉದ್ದನೆಯ ಓಣಿಯಂಥ ಜಾಗ ದಾಟಿದರೆ ಅಡುಗೆಮನೆ. ಆ ಓಣಿಯಲ್ಲಿ ರುಬ್ಬುವ ಕಲ್ಲು, ನೀರಿನ ಡ್ರಮ್ಮು, ಅಜ್ಜಿಯ ಹಾಸಿಗೆಯ ಸುರುಳಿ. ಅಡುಗೆಮನೆಯಲ್ಲಿ ನಿಂತವರಿಗೆ ನಡುಮನೆ ಕಾಣುತ್ತಿರಲಿಲ್ಲ. ನಡುಮನೆಯಲ್ಲಿದ್ದವರಿಗೆ ಒಗ್ಗರಣೆಯ ವಾಸನೆ ಮಾತ್ರ ಬರುತ್ತಿತ್ತು. ಮನೆಯಲ್ಲಿ ನಾವು ನಾಲ್ವರು: ಅಪ್ಪ ರಂಗಸ್ವಾಮಿ, ಅಮ್ಮ ಗಿರಿಜ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ನಾನು. ನನ್ನನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಂಟ್ರೋಲ್ ಪ್ಯಾನಲ್ಲುಗಳಿಗೆ ವೈರಿಂಗ್ ಮಾಡುತ್ತಿದ್ದ. ಅಲ್ಲಿ ರಿಜೆಕ್ಟ್ ಆದ ರಿಲೇಗಳನ್ನು ಸೂಪರ್‌ವೈಸರ್ ಒಪ್ಪಿಗೆ ಪಡೆದು ಮನೆಗೆ ತರುತ್ತಿದ್ದ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ, ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಡಬ್ಬಿ. ಒಳಗೆ ತಾಮ್ರದ ತಂತಿಯ ಸುರುಳಿ, ಅದರ ಮುಂದೆ ನಾಲಿಗೆಯಂತೆ ಒಂದು ಲೋಹದ ಪಟ್ಟಿ. ಸುರುಳಿಗೆ ಸ್ವಲ್ಪ ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗಿ ನಾಲಿಗೆಯನ್ನು ಟಕ್ ಎಂದು ಎಳೆದುಕೊಳ್ಳುತ್ತದೆ. ನಾಲಿಗೆ ಜಾಗ ಬದಲಿಸಿದಾಗ ಒಂದು ದಾರಿ ಮುಚ್ಚಿ ಇನ್ನೊಂದು ದಾರಿ ತೆರೆದು, ಬೇರೆ ಕರೆಂಟು ಬೇರೆ ಕಡೆಗೆ ಹರಿಯುತ್ತದೆ. ಇಷ್ಟೇ ರಿಲೇ. ಕಾರ್ಖಾನೆಯಲ್ಲಿ ಅದು ದೊಡ್ಡ ಮೋಟರುಗಳನ್ನು ಓಡಿಸುತ್ತಿತ್ತು, ನಮ್ಮ ಮನೆಯಲ್ಲಿ ಬೆರಳುದ್ದದ ರೈಲ್ವೆ ಗೇಟನ್ನು ಏರಿಸಿ ಇಳಿಸುತ್ತಿತ್ತು.

ಎಂಜಿನ್ನು ಮತ್ತು ಬೋಗಿಗಳನ್ನು ಅಪ್ಪ ಭಾನುವಾರದ ಬಜಾರಿನ ಹಳೆ ಸಾಮಾನಿನ ರಾಶಿಯಲ್ಲಿ ಕಂಡು ತಂದಿದ್ದ. ಹಳಿಗಳು ಆಮೇಲೆ ಒಂದೊಂದಾಗಿ ಬಂದವು. ಕೊನೆಗೆ ನಡುಮನೆಯ ಮುಕ್ಕಾಲು ಭಾಗವನ್ನು ಒಂದು ಪ್ಲೈವುಡ್ ಟೇಬಲ್ ಹಿಡಿಯಿತು. ಟೇಬಲ್ಲಿನ ಮೇಲೆ ಮೊಟ್ಟೆಯಾಕಾರದ ಹಳಿ, ಗೋಣಿಚೀಲಕ್ಕೆ ಪ್ಲಾಸ್ಟರ್ ಬಳಿದು ಮಾಡಿದ ಸುರಂಗ, ಗೇಟು, ಒಂದು ಸ್ಟೇಷನ್ನು, ಸ್ಟೇಷನ್ನಿನ ಹೊರಗೆ ಒಂದು ಸಿಗ್ನಲ್ ಕಂಬ. ಎಂಜಿನ್ನಿನ ಹೊಟ್ಟೆಗೆ ಅಪ್ಪ ಚೂರು ಅಯಸ್ಕಾಂತ ಅಂಟಿಸಿದ್ದ. ಹಳಿಗಳ ನಡುವೆ ಹುದುಗಿಸಿದ ಗಾಜಿನ ಸಣ್ಣ ಸ್ವಿಚ್ಚಿನ ಮೇಲೆ ಅದು ಹಾದಾಗ ಟೇಬಲ್ಲಿನ ಕೆಳಗೆ ಒಂದು ರಿಲೇ ಟಕ್ ಎನ್ನುತ್ತಿತ್ತು, ಗೇಟು ಬೀಳುತ್ತಿತ್ತು. ರೈಲು ದಾಟಿದ ಮೇಲೆ ಇನ್ನೊಂದು ಟಕ್, ಗೇಟು ಏಳುತ್ತಿತ್ತು. ರಿಲೇಗಳೆಲ್ಲ ಟೇಬಲ್ಲಿನ ಅಡಿಗೆ ಹೊಡೆದ ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ನಾನು ಅವುಗಳ ಕೆಳಗೆ ಚಾಪೆ ಹಾಸಿಕೊಂಡು ಹೋಂವರ್ಕ್ ಮಾಡುತ್ತಿದ್ದೆ. ರೈಲು ಎಲ್ಲಿದೆ ಎಂದು ಕಣ್ಣೆತ್ತದೆ ಹೇಳಬಲ್ಲವಳಾಗಿದ್ದೆ.

ಟೇಬಲ್ ಬಂದ ಮೊದಲ ದಸರಾದಲ್ಲಿ ಜಗಳ ಆಯಿತು. ಅಮ್ಮ ಪ್ರತಿ ವರ್ಷ ನಡುಮನೆಯಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಿದ್ದಳು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳು, ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ ರಾಣಿ. ಆ ವರ್ಷ ಮೆಟ್ಟಿಲಿಗೆ ಜಾಗ ಇರಲಿಲ್ಲ. ಅಮ್ಮ ಹೂವು ತರಲು ಹೋದಾಗ ಅಪ್ಪ ತನಗೆ ತೋಚಿದ ಉಪಾಯ ಮಾಡಿದ. ಅವಳು ಬಾಗಿಲಲ್ಲೇ ನಿಂತಳು.

"ಏನ್ರೀ ಇದು? ನನ್ನ ತವರಿನ ಗೊಂಬೆ ಪ್ಲಾಟ್‌ಫಾರಂ ಮೇಲೆ ನಿಂತಿವೆ?"

"ಎಲ್ಲಾದ್ರೂ ಇಡ್ಬೇಕಲ್ಲ ಗಿರಿಜಾ. ಮೆಟ್ಟಿಲು ಹಾಕೋಕೆ ಜಾಗ ಎಲ್ಲಿದೆ?"

"ಇತ್ತು. ಈ ಟೇಬಲ್ ಬರೋಕ್ ಮುಂಚೆ ಇತ್ತು."

ಅಜ್ಜಿ ಗೋಡೆಗೊರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಟೇಬಲ್ಲಿನ ಕಡೆ ಕತ್ತು ಚಾಚಿ ನೋಡಿದಳು.

"ರಾಜ ರಾಣಿ ಟಿಕೇಟ್ ತಗಂಡವ್ರೇನ್ಲಾ ರಂಗ? ಇಲ್ಲಾಂದ್ರೆ ಟಿಟಿ ಇಳಿಸ್ಬುಡ್ತಾನೆ ನೋಡು."

ಅಪ್ಪ ನಕ್ಕುಬಿಟ್ಟ. ನಾನೂ ನಕ್ಕೆ. ಅಮ್ಮ ಹೂವಿನ ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು, ಎರಡೂ ಗೊಂಬೆಗಳನ್ನು ಎತ್ತಿ, ಹಳೆಯ ರೇಷ್ಮೆ ವಸ್ತ್ರದಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟಳು. ಆ ದಿನದಿಂದ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಆ ನಗುವೊಂದೇ ಕಾರಣ ಎಂದು ನಾನು ಬರೆದರೆ ತಪ್ಪಾಗುತ್ತದೆ. ಅದಕ್ಕೂ ಹಿಂದಿನ ಕಾರಣಗಳು ಇದ್ದಿರಬೇಕು. ಅವು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯಬಾರದೆಂಬ ಅಭ್ಯಾಸ ಪತ್ರಿಕೆಯ ಕೆಲಸಕ್ಕೆ ಸೇರುವ ಮುಂಚೆಯೇ ನನಗೆ ಇತ್ತು.

ಮೊದಮೊದಲು ಮಾತು ಸಾಗಿಸುವ ಕೆಲಸ ನನ್ನದಾಯಿತು. "ಊಟ ಆಗಿದೆ ಅಂತ ನಿಮ್ಮಪ್ಪಂಗೆ ಹೇಳು." "ಸೋಪು ಮುಗಿದಿದೆ ಅಂತ ಹೇಳು." ನಾನು ಓಣಿಯಲ್ಲಿ ಹೋಗಿ ಹೇಳಿ ಬರುತ್ತಿದ್ದೆ. ಹೇಳಿದ್ದಕ್ಕೆ ಒಂದು ಅಕ್ಷರ ಸೇರಿಸುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಬೇಸಿಗೆ ರಜೆಗೆ ನನ್ನನ್ನು ಆನೇಕಲ್ಲಿನ ಅತ್ತೆಯ ಮನೆಗೆ ಕಳಿಸಿದರು. ವಾಪಸ್ ಬರುವ ಹೊತ್ತಿಗೆ ಅಡುಗೆಮನೆಯ ಗೋಡೆಯಲ್ಲಿ, ಒಲೆಯ ಪಕ್ಕ, ಬಾಗಿಲ ಬೆಲ್ಲಿಗೆ ಹಾಕುವಂಥ ಬಿಳಿ ಗುಂಡಿ ಕೂತಿತ್ತು. ಅಲ್ಲಿಂದ ಓಣಿಯ ಗೋಡೆಯುದ್ದಕ್ಕೂ ವೈರು ಹರಿದು ಟೇಬಲ್ಲಿನ ಅಡಿಗೆ ಸೇರಿತ್ತು. ಗುಂಡಿ ಒತ್ತಿದರೆ ರಿಲೇ ಎಳೆದುಕೊಂಡು ಸಿಗ್ನಲ್ ಕೆಂಪಾಗುತ್ತದೆ ಎಂದು ಅಪ್ಪ ನನಗೆ ವಿವರಿಸಿದ. ಜೊತೆಗೇ ಸಿಗ್ನಲ್ಲಿನ ಮುಂದಿನ ಒಂದು ಮೊಳದಷ್ಟು ಹಳಿಗೆ ಕರೆಂಟು ನಿಲ್ಲುತ್ತದೆ. ರೈಲು ಎಲ್ಲಿದ್ದರೂ ಸುತ್ತಿ ಬಂದು ಆ ಸತ್ತ ಹಳಿಯ ಮೇಲೆ ಕಾಲಿಟ್ಟ ಕೂಡಲೇ ನಿಲ್ಲುತ್ತದೆ, ನಿಜವಾದ ರೈಲಿನ ಹಾಗೆ.

ಅಮ್ಮ ಗುಂಡಿಯ ಮೇಲೆ ಒಂದು ಮೊಳೆ ಹೊಡೆದು, ಚಹಾ ಸೋಸುವ ಜರಡಿ ನೇತುಹಾಕಿ ಅದನ್ನು ಮುಚ್ಚಿಬಿಟ್ಟಳು. ಕೆಲವು ದಿನ ಹಾಗೇ ಇತ್ತು. ಒಂದು ಸಂಜೆ ಅವಳ ಎರಡೂ ಕೈ ಹಿಟ್ಟಾಗಿತ್ತು, ನಾನು ಹೊರಗೆ ಆಡುತ್ತಿದ್ದೆ, ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಳು. ಅವಳು ಜರಡಿಯನ್ನು ಪಕ್ಕಕ್ಕೆ ತಳ್ಳಿ ಮೊಣಕೈಯಿಂದ ಗುಂಡಿ ಒತ್ತಿರಬೇಕು. ನಾನು ಒಳಗೆ ಬಂದಾಗ ರೈಲು ಸಿಗ್ನಲ್ಲಿನ ಮುಂದೆ ನಿಂತಿತ್ತು, ಅಪ್ಪ ಅಡುಗೆಮನೆಯಲ್ಲಿ ಕೂತು ಉಣ್ಣುತ್ತಿದ್ದ. ಆಮೇಲೆ ಅವಳು ಯಾವಾಗಲೂ ಮೊಣಕೈಯಿಂದಲೇ ಒತ್ತುತ್ತಿದ್ದಳು, ಕೈ ಖಾಲಿ ಇದ್ದಾಗಲೂ. ಬೆರಳಲ್ಲಿ ಒತ್ತಿದರೆ ಕರೆದ ಹಾಗಾಗುತ್ತದೆ ಎಂದುಕೊಂಡಿದ್ದಳೋ ಏನೋ.

"ಬಾಯಿ ಕೊಟ್ಟವ್ನೆ ದೇವ್ರು, ಈ ಮನೇಲಿ ದೀಪದಾಗೆ ಮಾತಾಡ್ತಾವೆ. ಇಂಗೂ ಇರ್ತದಾ ಸಂಸಾರ?" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಆದರೂ ಸಿಗ್ನಲ್ ಕೆಂಪಾದ ಕೂಡಲೇ ಮೊದಲು ತಟ್ಟೆಯ ಮುಂದೆ ಕೂರುತ್ತಿದ್ದವಳು ಅವಳೇ. ಅಪ್ಪ ಮತ್ತು ನಾನು ಏಳುತ್ತಿರಲಿಲ್ಲ.

"ಗಾಡಿ ಸ್ಟೇಷನ್‌ಗೆ ಬರ್ಲಿ ಪುಟ್ಟಿ," ಎನ್ನುತ್ತಿದ್ದ ಅಪ್ಪ. "ದಾರೀಲಿ ಬಿಟ್ಟು ಎದ್ದು ಹೋಗ್ಬಾರ್ದು."

ಕರೆಂಟು ಹೋದರೆ ಏನಾಗುತ್ತದೆ ಎಂಬುದನ್ನು ಅಪ್ಪ ಯೋಚಿಸಿರಲಿಲ್ಲ. ಒಂದು ಮಧ್ಯಾಹ್ನ ಸಿಗ್ನಲ್ ಕೆಂಪಾಗಿ, ರೈಲು ಇನ್ನೂ ಸುರಂಗದಲ್ಲಿರುವಾಗ ಕರೆಂಟು ಹೋಯಿತು. ಮತ್ತೆ ಬಂದಾಗ ರಿಲೇ ಹಿಡಿತ ಬಿಟ್ಟಿತ್ತು. ಸಿಗ್ನಲ್ ಹಸಿರು, ರೈಲು ಏನೂ ಆಗದ ಹಾಗೆ ಓಡತೊಡಗಿತು. ಅಮ್ಮ ತಪ್ಪಾಗಿ ಒತ್ತಿರಬೇಕು ಎಂದು ನಾವು ಕೂತೆವು. ಅತ್ತ ಅಮ್ಮ ತಟ್ಟೆ ಹಾಕಿಕೊಂಡು ಕೂತಿದ್ದಳು, ನಾವು ಬೇಕೆಂದೇ ಬರಲಿಲ್ಲ ಎಂದುಕೊಂಡು. ಅಜ್ಜಿ ಬಂದು ಬೈದ ಮೇಲೆ ಎದ್ದೆವು. ಸಾರು ಆರಿತ್ತು. ಅಮ್ಮ ಅದನ್ನು ಬಿಸಿ ಮಾಡಿ ಬಡಿಸಿದಳು. ಮುಂದಿನ ವಾರ ಅಪ್ಪ ಎಸ್.ಪಿ. ರೋಡಿನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಿಂದ ಬೇರೆ ಥರದ ರಿಲೇ ತಂದ. ಅದರಲ್ಲಿ ಎರಡು ಸುರುಳಿ. ಒಂದಕ್ಕೆ ಕರೆಂಟು ತಾಗಿದರೆ ನಾಲಿಗೆ ಈ ಕಡೆ ವಾಲುತ್ತದೆ, ಇನ್ನೊಂದಕ್ಕೆ ತಾಗುವವರೆಗೆ ಹಾಗೇ ಇರುತ್ತದೆ. ನಡುವೆ ಕರೆಂಟು ಹೋಗಲಿ ಬರಲಿ, ಮರೆಯುವುದಿಲ್ಲ. ಅಮ್ಮನ ಗುಂಡಿ ಅದನ್ನು ಕೆಂಪಿಗೆ ವಾಲಿಸುತ್ತಿತ್ತು. ಊಟ ಮುಗಿಸಿ ಬಂದ ಅಪ್ಪ ಟೇಬಲ್ಲಿನ ಅಂಚಿನ ಕಪ್ಪು ಗುಂಡಿ ಒತ್ತಿ ಅದನ್ನು ಹಸಿರಿಗೆ ತರುತ್ತಿದ್ದ. ಮನೆ ಆಮೇಲೆ ಸುಸೂತ್ರವಾಗಿ ನಡೆಯಿತು. ಈಗ ಯೋಚಿಸಿದರೆ, ಅವರಿಬ್ಬರೂ ಮತ್ತೆ ಮಾತಾಡುವ ಅಗತ್ಯ ಹೋದದ್ದು ಆ ರಿಲೇ ಬಂದ ಮೇಲೆ.

ಅದೊಂದು ಭಾನುವಾರ. ಅಜ್ಜಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಟೇಬಲ್ಲಿನ ಮುಂದೆ ಗೇಟಿನ ಕಂಬಕ್ಕೆ ಬಣ್ಣ ಹಚ್ಚುತ್ತಿದ್ದ, ನಾನು ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದೆ. ರೈಲು ಸ್ಟೇಷನ್ ದಾಟಿ ಹೋದ ಕೂಡಲೇ ಟಕ್ ಎಂದಿತು, ಸಿಗ್ನಲ್ ಕೆಂಪಾಯಿತು. ಊಟದ ಹೊತ್ತು ಇನ್ನೂ ಆಗಿರಲಿಲ್ಲ.

"ಇವತ್ತು ಬೇಗ ಆಗೋಗಿದೆ," ಎಂದ ಅಪ್ಪ ಬ್ರಷ್ ಒರೆಸುತ್ತ.

ರೈಲು ಆಗಷ್ಟೇ ಸಿಗ್ನಲ್ ದಾಟಿದ್ದರಿಂದ ಪೂರ್ತಿ ಸುತ್ತು ಬಾಕಿ ಇತ್ತು. ಅದು ತಿರುವು ತಗೊಂಡು ಸುರಂಗದೊಳಗೆ ಹೋಯಿತು. ಹೊರಗೆ ಬಂತು. ಗೇಟು ಬಿತ್ತು, ರೈಲು ದಾಟಿತು, ಗೇಟು ಎದ್ದಿತು. ಹೊಸ ಬಣ್ಣ ಕಂಬಿಗೆ ತಾಗಿತೇ ಎಂದು ಅಪ್ಪ ಬಗ್ಗಿ ನೋಡಿದ, ತಾಗಿರಲಿಲ್ಲ. ರೈಲು ಸಿಗ್ನಲ್ಲಿನ ಮುಂದೆ ಬಂದು ನಿಂತಿತು. ನಾವು ಬಚ್ಚಲಿಗೆ ಹೋಗಿ ಕೈ ತೊಳೆದೆವು. ಬಣ್ಣ ಹೋಗಲಿಲ್ಲವೆಂದು ಅಪ್ಪ ಸೋಪು ಹಚ್ಚಿ ಇನ್ನೊಮ್ಮೆ ತೊಳೆದ. ಮುದ್ದೆ ಸೀದ ವಾಸನೆ ಬಂದದ್ದು ಆಗ. ಅಜ್ಜಿ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿದ್ದಳು.

"ಅಯ್ಯೋ ರಂಗಾ! ಗಿರಿಜ ಬಿದ್ದವ್ಳೆ ಕಣ್ಲಾ! ಬಾರ್ಲಾ!"

ಅಮ್ಮ ಒಲೆಯ ಕೆಳಗೆ ಗೋಡೆಗೆ ಒರಗಿದ ಹಾಗೆ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಕಣ್ಣು ತೆರೆದಿತ್ತು, ನಮ್ಮನ್ನು ನೋಡುತ್ತಿತ್ತು. ಬಿಳಿ ಗುಂಡಿಯ ಮೇಲೆ ರಾಗಿ ಹಿಟ್ಟಿನ ಗುರುತು, ಬೆರಳಿನದು. ಒಲೆಯ ಮೇಲಿದ್ದ ಪಾತ್ರೆಯನ್ನು ಇಳಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಕೊನೆಗೆ ನಾನು ಒಲೆ ಆರಿಸಿದೆ. ಎದುರು ಮನೆಯವರ ವ್ಯಾನಿನಲ್ಲಿ ಅವಳನ್ನು ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಡಾಕ್ಟರು ಲಕ್ವ ಎಂದರು. ಬಲಗೈ ಬಲಗಾಲು ಹೋಗಿದೆ, ಮಾತೂ ಹೋಗಿದೆ, ಎಷ್ಟು ವಾಪಸ್ ಬರುತ್ತದೋ ನೋಡಬೇಕು. ಅಪ್ಪ ಕೈಯಲ್ಲಿ ಕರ್ಚೀಫು ಹಿಡಿದು ಕೇಳಿದ.

"ಒಂದು ಸುತ್ತು ಮುಂಚೆ ಬಂದಿದ್ರೆ ಸಾರ್?"

"ಒಂದು ಸುತ್ತು ಅಂದ್ರೆ?"

ಅಪ್ಪ ಕರ್ಚೀಫನ್ನು ಮಡಚತೊಡಗಿದ. ಡಾಕ್ಟರು, "ಒಂದೆರಡು ನಿಮಿಷದಲ್ಲಿ ಏನೂ ವ್ಯತ್ಯಾಸ ಆಗ್ತಿರ್ಲಿಲ್ಲ ಬಿಡಿ," ಎಂದು ಮುಂದಿನ ಹಾಸಿಗೆಗೆ ಹೋದರು. ನಾನು ಅಲ್ಲೇ ಇದ್ದೆ. ಡಾಕ್ಟರು ಹೇಳಿದ್ದು ನನಗೆ ಸರಿಯಾಗಿ ಕೇಳಿಸಿತು. ಅಪ್ಪನಿಗೂ ಕೇಳಿಸಿರಬೇಕು.

ಅಮ್ಮ ಮನೆಗೆ ಬರುವ ಮುಂಚೆ ಅಪ್ಪ ಮಂಚದ ಎಡಗಡೆಗೆ ಇನ್ನೊಂದು ಗುಂಡಿ ಕೂರಿಸಿದ. ಆಮೇಲೆ ಟೇಬಲ್ಲಿನ ಕೆಳಗೆ ಅಂಗಾತ ಮಲಗಿ ಹಳೆಯ ವೈರುಗಳನ್ನು ಬಿಚ್ಚತೊಡಗಿದ. ನಾನು ಟಾರ್ಚ್ ಹಿಡಿದಿದ್ದೆ.

"ಮುಂಚೆ ಸಿಗ್ನಲ್ ಹತ್ರ ಮಾತ್ರ ಕರೆಂಟ್ ನಿಲ್ತಿತ್ತು," ಎಂದ. "ಈಗ ಪೂರ್ತಿ ಹಳಿಗೇ ನಿಲ್ಲುತ್ತೆ. ಎಲ್ಲಿದ್ರೆ ಅಲ್ಲೇ ನಿಂತ್ಬಿಡುತ್ತೆ."

"ತಿರುವಲ್ಲಿ ಒಂದೇ ಸಲ ನಿಂತ್ರೆ ಬೋಗಿ ಬೀಳಲ್ವಾ ಅಪ್ಪ?"

"ಬೀಳ್ಲಿ."

ಅಜ್ಜಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಇನ್ನೂ ಆ ಗಾಡಿ ಓಡಿಸ್ಲೇಬೇಕೇನ್ಲಾ? ಒಂದು ಬೆಲ್ಲು ಹಾಕಿದ್ರೆ ಸಾಲ್ದಾ?"

"ಬೆಲ್ಲು ಒಂದ್ಸಲ ಹೊಡೆದು ಸುಮ್ಮನಾಗುತ್ತೆ ಅವ್ವ. ಇದು ಓಡ್ತಿದ್ರೆ ತಾನೆ ನಿಂತದ್ದು ಗೊತ್ತಾಗೋದು."

ಹೀಗೆ ಅಪ್ಪ ಮನೆಯಲ್ಲಿದ್ದಷ್ಟು ಹೊತ್ತೂ ರೈಲು ಓಡುತ್ತಿತ್ತು. ಅವನು ಅದನ್ನು ನೋಡುವುದನ್ನು ಬಿಟ್ಟ. ಪೇಪರ್ ಓದುತ್ತ, ಬಟ್ಟೆ ಮಡಚುತ್ತ, ಅದರ ಗುರ್ ಎಂಬ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದ. ಸದ್ದು ನಿಂತ ಕೂಡಲೇ ಎದ್ದು ಹೋಗುತ್ತಿದ್ದ. ಅಡುಗೆ ಅಜ್ಜಿಯದು ಮತ್ತು ನನ್ನದಾಯಿತು, ಊಟಕ್ಕೆ ಅಜ್ಜಿ ಬಾಯಲ್ಲೇ ಕೂಗುತ್ತಿದ್ದಳು. ಅಡುಗೆಮನೆಯ ಗುಂಡಿಯನ್ನು ಯಾರೂ ಒತ್ತಲಿಲ್ಲ. ಮೊದಮೊದಲು ಅಮ್ಮ ನೀರಿಗೆ, ಮಗ್ಗುಲು ಬದಲಿಸುವುದಕ್ಕೆ ಎಡಗೈಯಿಂದ ಒತ್ತುತ್ತಿದ್ದಳು. ಕ್ರಮೇಣ ಸುಮ್ಮನೆ ಒತ್ತತೊಡಗಿದಳು. ಅಪ್ಪ ಹೋಗಿ "ಏನು ಗಿರಿಜಾ?" ಎಂದರೆ ಸೂರು ನೋಡುತ್ತಿದ್ದಳು. ಅವನು ವಾಪಸ್ ಬಂದು, ಬಿದ್ದ ಬೋಗಿಯನ್ನು ಹಳಿಗೆ ಏರಿಸಿ, ಕಪ್ಪು ಗುಂಡಿ ಒತ್ತುತ್ತಿದ್ದ. ಮತ್ತೆ ರೈಲು ಓಡುತ್ತಿತ್ತು. ಮತ್ತೆ ನಿಲ್ಲುತ್ತಿತ್ತು.

"ಪರೀಕ್ಷೆ ಮಾಡ್ತಾವ್ಳೆ ನಿನ್ನ," ಎಂದಳು ಅಜ್ಜಿ.

"ಮಾಡ್ಲಿ ಬಿಡವ್ವ."

ಒಮ್ಮೆಯೂ ಅವನು ತಡ ಮಾಡಿದ್ದನ್ನು ನಾನು ನೋಡಲಿಲ್ಲ. ಒಮ್ಮೆಯೂ ಅವಳು ನಕ್ಕದ್ದನ್ನೂ ನೋಡಲಿಲ್ಲ. ದಸರಾ ಬಂತು. ಅವತ್ತು ರೈಲು ನಿಂತಾಗ ಅಪ್ಪನ ಹಿಂದೆ ನಾನೂ ಹೋದೆ. ಅಮ್ಮ ಎಡಗೈ ಎತ್ತಿ ಟ್ರಂಕು ತೋರಿಸಿದಳು. ಅಪ್ಪ ಒಂದೊಂದೇ ಬಟ್ಟೆ ಎತ್ತಿ ತೋರಿಸಿದ, ಅವಳು ಅದಲ್ಲವೆಂದು ತಲೆಯಾಡಿಸುತ್ತ ಹೋದಳು. ತಳದಲ್ಲಿದ್ದ ರೇಷ್ಮೆಯ ಗಂಟು ಕೈಗೆ ಬಂದಾಗ ಕೈ ಇಳಿಸಿದಳು. ಅಪ್ಪ ರಾಜ ರಾಣಿಯರನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ನಿಲ್ಲಿಸಿದ. ಅವಳು ಬೇಡವೆಂದು ಗಂಟಲಲ್ಲಿ ಸದ್ದು ಮಾಡಿ ಬಾಗಿಲಿನ ಆಚೆ, ನಡುಮನೆಯ ಕಡೆ ಬೆರಳು ತೋರಿಸಿದಳು.

"ಟೇಬಲ್ ಮೇಲಾ?" ಎಂದ ಅಪ್ಪ. "ಸ್ಟೇಷನ್ ಮೇಲಾ?"

ಅಮ್ಮ ಕಣ್ಣು ಮುಚ್ಚಿ ತೆರೆದಳು. ಅಪ್ಪ ಗೊಂಬೆಗಳನ್ನು ತಂದು ಪ್ಲಾಟ್‌ಫಾರಂ ಮೇಲೆ, ಮೊದಲು ನಿಲ್ಲಿಸಿದ್ದ ಜಾಗದಲ್ಲೇ ನಿಲ್ಲಿಸಿದ. ಅಜ್ಜಿ ನೋಡುತ್ತ ನಿಂತಿದ್ದಳು, ಟಿಕೇಟಿನ ಮಾತು ಎತ್ತಲಿಲ್ಲ.

ಅಮ್ಮ ಹೋದದ್ದು ಆ ಹಬ್ಬದ ನಂತರದ ಚಳಿಗಾಲದಲ್ಲಿ, ಬೆಳಗಿನ ಹೊತ್ತು. ನಾನು ಶಾಲೆಗೆ ಹೊರಟು ಷೂ ಹಾಕಿಕೊಳ್ಳುತ್ತಿದ್ದೆ. ರೈಲು ಸುರಂಗದಿಂದ ಅರ್ಧ ಹೊರಗೆ ಬಂದಿತ್ತು, ನಿಂತಿತು. ಅಪ್ಪ ಕೈಯಲ್ಲಿದ್ದ ಕಾಫಿ ಲೋಟವನ್ನು ಹಳಿಯ ಪಕ್ಕದಲ್ಲಿಟ್ಟು ಹೋದ. ಹೋದವನು ತುಂಬ ಹೊತ್ತು ಬರಲಿಲ್ಲ. ಆಮೇಲೆ ಜನ ಬಂದರು, ಟೇಬಲ್ಲನ್ನು ಗೋಡೆಗೆ ಸರಿಸಿದರು, ಅವಳನ್ನು ನಡುಮನೆಯಲ್ಲಿ ಮಲಗಿಸಿದರು. ನಾನು ಅಳಲಿಲ್ಲ. ಯಾರೋ "ಈ ಮಗು ಅಳ್ತಾನೇ ಇಲ್ವಲ್ಲ" ಎಂದದ್ದು ನೆನಪಿದೆ. ಸಿಗ್ನಲ್ ಕೆಂಪಾಗಿಯೇ ಇತ್ತು.

ಕಪ್ಪು ಗುಂಡಿಯನ್ನು ಅಪ್ಪ ಒತ್ತಲಿಲ್ಲ. ಮರುದಿನವೂ ಇಲ್ಲ, ತಿಥಿಯ ನಂತರವೂ ಇಲ್ಲ. ಅವನು ಮತ್ತೆ ಕೆಲಸಕ್ಕೆ ಹೋದ, ನನ್ನನ್ನು ಓದಿಸಿದ, ಅಜ್ಜಿಯನ್ನು ಕೊನೆಯವರೆಗೆ ನೋಡಿಕೊಂಡ, ರಿಟೈರ್ ಆದ. ಬೆಳಗಿನ ಸ್ನಾನವಾದ ಮೇಲೆ ಟೇಬಲ್ಲಿನ ಧೂಳು ಒರೆಸುತ್ತಿದ್ದ. ಎಂಜಿನ್ನನ್ನು ಎತ್ತಿ ಒರೆಸಿ, ಸುರಂಗದಿಂದ ಅರ್ಧ ಹೊರಗೆ, ಅದು ನಿಂತಿದ್ದಲ್ಲೇ ಇಡುತ್ತಿದ್ದ. ಪ್ಲಾಟ್‌ಫಾರಂ ಮೇಲೆ ರಾಜ ರಾಣಿ ನಿಂತಿದ್ದರು, ರೈಲು ಅವರವರೆಗೆ ಬಂದಿರಲಿಲ್ಲ. ಕರೆಂಟು ಎಷ್ಟೋ ಸಲ ಹೋಗಿ ಬಂತು. ಪ್ರತಿ ಸಲ ಬಂದಾಗಲೂ ಆ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ದೀಪ ಸುಟ್ಟುಹೋದರೆ ಅಪ್ಪ ಹೊಸದು ಹಾಕುತ್ತಿದ್ದ. ನಾನು ಒಮ್ಮೆಯೂ ಏಕೆಂದು ಕೇಳಲಿಲ್ಲ. ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ಮುಂದೆ ಪತ್ರಿಕೆಯ ಡೆಸ್ಕಿನಲ್ಲಿ, ಎಂಥ ಸುದ್ದಿ ಬಂದರೂ ನನ್ನ ಕೈ ನಡುಗುವುದಿಲ್ಲ ಎಂದು ಜೊತೆಯವರು ಹೊಗಳುತ್ತಿದ್ದರು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಸುದ್ದಿ ಬಂದ ಮೇಲೆ ಒಂದು ಸುತ್ತು ಕಾಯುವುದು ನನಗೆ ರೂಢಿಯಾಗಿತ್ತು.

ಅಪ್ಪ ಹೋದ ಮೇಲೆ ಟೇಬಲ್ ಬಿಚ್ಚಿದೆವು. ಪಟ್ಟದ ಗೊಂಬೆಗಳು ನನ್ನ ಮನೆಗೆ ಬಂದವು. ರಿಲೇಗಳನ್ನು ಗುಜರಿಯವರು ತಗೊಂಡರು, ಎರಡು ಸುರುಳಿಯ ಆ ಒಂದನ್ನು ಬಿಟ್ಟು. ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ. ಡಬ್ಬಿ ಹಳದಿಗಟ್ಟಿದೆ, ಆದರೂ ಒಳಗೆ ನಾಲಿಗೆ ಯಾವ ಕಡೆಗೆ ವಾಲಿದೆ ಎಂದು ಕಾಣುತ್ತದೆ.

ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಈಗ ಸುತ್ತ ಹೊಲವಿಲ್ಲ, ಅಂಗಳಕ್ಕೆ ಬಿಸಿಲಿಲ್ಲ. ಯಾದಗಿರಿ ಕಡೆಯಿಂದ ಬಂದ ಶರಣಮ್ಮ ಮತ್ತು ಅವರ ಗಂಡ ಇದ್ದಾರೆ. ಆಕೆ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಗಂಡ ಪೀಣ್ಯಕ್ಕೆ. ಕಳೆದ ಸಲ ನಲ್ಲಿ ರಿಪೇರಿ ನೋಡಲು ಹೋಗಿದ್ದಾಗ ಶರಣಮ್ಮ ಒಲೆಯ ಪಕ್ಕದ ಗೋಡೆ ತೋರಿಸಿದರು.

"ಅಕ್ಕಾರ, ಈ ಗುಂಡಿ ಯಾತರದ್ರಿ? ಒತ್ತಿದ್ರ ಏನೂ ಆಗಂಗಿಲ್ಲ."

"ಊಟಕ್ಕೆ ಕರೆಯೋಕೆ ಹಾಕಿದ್ದು. ಒತ್ತಿದರೆ ನಡುಮನೆಯಲ್ಲಿ ದೀಪ ಹತ್ತುತ್ತಿತ್ತು."

ಅವರು ಅಡುಗೆಮನೆಯಿಂದ ಓಣಿಯ ಕಡೆ, ಓಣಿಯಿಂದ ನನ್ನ ಕಡೆ ನೋಡಿದರು. ನಕ್ಕರು.

"ಇಷ್ಟು ಸಣ್ಣ ಮನಿಯಾಗ? ಬಾಯಿಲೆ ಕರದ್ರ ಕೇಳಸ್ತಿರಲಿಲ್ಲೇನ್ರಿ?"

"ಕೇಳಿಸುತ್ತಿತ್ತು," ಎಂದೆ.

ಬೇಡವಾದರೆ ತೆಗೆಸಿಬಿಡುತ್ತೇನೆ ಎಂದೂ ಹೇಳಿದೆ. ಇರಲಿ ಬಿಡ್ರಿ, ಗೋಡಿ ಯಾಕ ಒಡಿಯೂದು ಎಂದರು. ಚಹಾ ಸೋಸಿ ನನಗೊಂದು ಲೋಟ ಕೊಟ್ಟರು. ಜರಡಿಯನ್ನು ತೊಳೆದು, ಇಡಲು ಜಾಗ ನೋಡಿ, ಗುಂಡಿಯ ಮೇಲಿದ್ದ ಮೊಳೆಗೆ ನೇತುಹಾಕಿದರು.